ಇಬ್ಬರದೂ ಓ, ಮಗಳದು ಬಿ: ಒಂದು ಆಪ್ತಸಲಹೆ ಪ್ರಕರಣ

ಈ ಕುಟುಂಬದ ಗುರುತು ಸಿಗದಂತೆ ವಯಸ್ಸು, ಉದ್ಯೋಗ ಮುಂತಾದ ವಿವರಗಳನ್ನು ಬದಲಿಸಿದ್ದೇನೆ. ರಕ್ತ ಪರೀಕ್ಷೆಯ ಸಂಗತಿಗಳನ್ನು ಮಾತ್ರ ಇದ್ದ ಹಾಗೆಯೇ ಬರೆದಿದ್ದೇನೆ. ದಂಪತಿ ಇಬ್ಬರೂ ಒಪ್ಪಿದ್ದಾರೆ. ಇನ್ನೊಬ್ಬ ಹೆಣ್ಣಿಗೆ ಇಂಥ ಪರಿಸ್ಥಿತಿ ಬರಬಾರದು, ಬರೆಯಿರಿ ಎಂದು ಒತ್ತಾಯಿಸಿದವರು ಆಕೆಯೇ.

ಆರು ವರ್ಷದ ಮಗಳಿಗೆ ಒಂದು ಸಣ್ಣ ಶಸ್ತ್ರಚಿಕಿತ್ಸೆ ಆಗಬೇಕಿತ್ತು. ಅದಕ್ಕೆ ಮುಂಚೆ ನಡೆದ ಪರೀಕ್ಷೆಯಲ್ಲಿ ಅವಳ ರಕ್ತದ ಗುಂಪು ಬಿ ಪಾಸಿಟಿವ್ ಎಂದು ಬಂತು. ಅಪ್ಪನದು ಓ ಪಾಸಿಟಿವ್. ಅಮ್ಮನದೂ ಓ ಪಾಸಿಟಿವ್ ಎಂದೇ ಹೆರಿಗೆಯ ಕಡತದಲ್ಲಿದೆ. ಶಸ್ತ್ರಚಿಕಿತ್ಸೆ ಸುಸೂತ್ರವಾಗಿ ಮುಗಿಯಿತು, ಮಗು ಚೇತರಿಸಿಕೊಂಡಿತು. ಆದರೆ ಆ ಚೀಟಿ ನೋಡಿದ ದಿನದಿಂದ ಅಪ್ಪನ ನೆಮ್ಮದಿ ಹೋಯಿತು. ತಂದೆ ತಾಯಿ ಇಬ್ಬರೂ ಓ ಆದರೆ ಮಗುವೂ ಓ ಆಗಲೇಬೇಕು ಎಂದು ಶಾಲೆಯಲ್ಲಿ ಕಲಿತದ್ದು ಆತನಿಗೆ ಚೆನ್ನಾಗಿ ನೆನಪಿತ್ತು. ತಿಂಗಳುಗಟ್ಟಲೆ ಯಾರಿಗೂ ಹೇಳದೆ ಅಂತರ್ಜಾಲದಲ್ಲಿ ಹುಡುಕಿದರು. ಆಮೇಲೆ ಅಣ್ಣನಿಗೆ ಹೇಳಿದರು. ಹೆಂಡತಿಗೆ ಹೇಳಿದ್ದು ಎಲ್ಲರಿಗಿಂತ ಕೊನೆಗೆ, ಅದೂ ಜಗಳದ ನಡುವೆ.

ನನ್ನ ಬಳಿ ಬಂದಾಗ ಆತನ ಕೋರಿಕೆ ಒಂದೇ ಆಗಿತ್ತು: ಪಿತೃತ್ವದ ಡಿಎನ್‌ಎ ಪರೀಕ್ಷೆ ಎಲ್ಲಿ ಮಾಡಿಸಬೇಕು ಹೇಳಿ. ಆಕೆ ಅಳಲಿಲ್ಲ. "ನನ್ನನ್ನು ಕೇಳುವ ಮೊದಲು ಊರಿಗೆಲ್ಲ ಕೇಳಿದರು" ಎಂದಷ್ಟೇ ಹೇಳಿ ಸುಮ್ಮನಾದರು.

ಇಂಥ ಸಂದರ್ಭದಲ್ಲಿ ಇಬ್ಬರನ್ನೂ ಮೊದಲು ಬೇರೆ ಬೇರೆಯಾಗಿ ಮಾತನಾಡಿಸುತ್ತೇನೆ. ಪರೀಕ್ಷೆಯ ಫಲಿತಾಂಶ ನೀವು ಅಪ್ಪನಲ್ಲ ಎಂದು ಬಂದರೆ ಏನು ಮಾಡುತ್ತೀರಿ ಎಂದು ಆತನನ್ನು ಕೇಳಿದೆ. ಉತ್ತರ ಸಿದ್ಧವಾಗಿತ್ತು. ನೀವೇ ಅಪ್ಪ ಎಂದು ಬಂದರೆ? ಅದನ್ನು ಆತ ಯೋಚಿಸಿಯೇ ಇರಲಿಲ್ಲ. ಸಂಶಯ ಎಷ್ಟು ಆಳಕ್ಕೆ ಇಳಿದಿದೆ ಎಂಬುದು ನನಗೆ ಅಲ್ಲೇ ತಿಳಿಯಿತು. ಮಗಳ ಮೂಗು ತನ್ನಂತಿಲ್ಲ, ಕಿವಿಯ ಹಾಲೆ ತನ್ನಂತಿಲ್ಲ, ತಾನು ನಾಲಿಗೆಯನ್ನು ಕೊಳವೆಯಂತೆ ಮಡಿಸಬಲ್ಲೆ, ಅವಳಿಗೆ ಬರುವುದಿಲ್ಲ ಎಂದು ಒಂದೊಂದಾಗಿ ಎಣಿಸಿದರು. ಆರು ವರ್ಷ ಕಾಣದ ವ್ಯತ್ಯಾಸಗಳೆಲ್ಲ ಈಗ ಸಾಕ್ಷಿಗಳಾಗಿದ್ದವು.

ಇವು ಯಾವುವೂ ಸಾಕ್ಷಿಗಳಲ್ಲ. ನಾಲಿಗೆ ಮಡಿಸುವುದು ಒಂದೇ ಜೀನಿನ ಆಟ ಎಂದು 1940ರಲ್ಲಿ ಆಲ್ಫ್ರೆಡ್ ಸ್ಟರ್ಟೆವಂಟ್ ಎಂಬ ತಳಿವಿಜ್ಞಾನಿ ಸೂಚಿಸಿದ್ದರು. ಆದರೆ ಒಂದೇ ಭ್ರೂಣದಿಂದ ಹುಟ್ಟಿದ ಅವಳಿಗಳಲ್ಲೇ ಒಬ್ಬರಿಗೆ ಅದು ಬರುತ್ತದೆ, ಇನ್ನೊಬ್ಬರಿಗೆ ಬರುವುದಿಲ್ಲ ಎಂಬುದು ಆಮೇಲೆ ಕಂಡುಬಂತು. ಸ್ಟರ್ಟೆವಂಟ್ ಅವರೇ ತಮ್ಮ ಮಾತನ್ನು ಕೈಬಿಟ್ಟರು. ಪಠ್ಯಪುಸ್ತಕಗಳು ಬಿಡಲಿಲ್ಲ. ಕಿವಿಯ ಹಾಲೆ, ಮೂಗಿನ ಆಕಾರ, ಚರ್ಮದ ಬಣ್ಣ ಎಲ್ಲವೂ ಹಲವು ಜೀನ್‌ಗಳ ಕೂಡು ಫಲ. ಎತ್ತರವೊಂದಕ್ಕೇ ಸಂಬಂಧಿಸಿದ ಸುಮಾರು 12,000 ಡಿಎನ್‌ಎ ವ್ಯತ್ಯಾಸಗಳನ್ನು 2022ರಲ್ಲಿ ಪ್ರಕಟವಾದ ಅಧ್ಯಯನವೊಂದು ಪಟ್ಟಿ ಮಾಡಿದೆ. ಒಂದೇ ಮನೆಯ ಮಕ್ಕಳು ಒಬ್ಬರಂತೆ ಒಬ್ಬರಿಲ್ಲದಿರುವುದು ಇದರಿಂದಲೇ. ಈ ವಿಷಯದಲ್ಲಿ ನಾನು ಸ್ವಲ್ಪ ಗಟ್ಟಿಯಾಗಿಯೇ ಮಾತನಾಡಿದೆ. ಮಗುವಿನ ಮುಖವನ್ನು ತನಿಖೆಯ ಕಣ್ಣಿನಿಂದ ನೋಡಲು ಶುರುಮಾಡಿದರೆ ಅದು ಮಗುವಿಗೆ ತಿಳಿದೇ ತಿಳಿಯುತ್ತದೆ.

ರಕ್ತದ ಗುಂಪಿನ ಮಾತು ಬೇರೆ. ಅಲ್ಲಿ ಆತ ಕೇಳಿದ್ದು ನ್ಯಾಯವಾದ ಪ್ರಶ್ನೆಯೇ, ಅದನ್ನು ತಳ್ಳಿಹಾಕಲಿಲ್ಲ.

ಮೂರು ತಲೆಮಾರಿನ ವಂಶವೃಕ್ಷ ಬರೆದುಕೊಂಡೆ. ಯಾರ ಗುಂಪು ಯಾವುದು ಎಂದು ಕೇಳುತ್ತಾ ಹೋದಾಗ ಆಕೆ ಒಂದು ಮಾತು ಹೇಳಿದರು: "ನನ್ನ ಅಪ್ಪನದು ಬಿ." ಆಕೆಯ ತಂದೆ ತಾಯಿ ಹತ್ತಿರದ ರಕ್ತಸಂಬಂಧಿಗಳು, ಒಡಹುಟ್ಟಿದವರ ಮಕ್ಕಳು. ಈ ಎರಡು ಸಂಗತಿಗಳನ್ನು ಒಟ್ಟಿಗೆ ನೋಡಿದಾಗ ನನಗೆ ಒಂದು ಸಾಧ್ಯತೆ ಹೊಳೆಯಿತು. ಡಿಎನ್‌ಎ ಪರೀಕ್ಷೆ ಆಮೇಲಿರಲಿ, ಮೊದಲು ಮೂವರ ರಕ್ತದ ಗುಂಪನ್ನೂ ರಕ್ತನಿಧಿಯಲ್ಲಿ ಹೊಸದಾಗಿ, ಪೂರ್ಣವಾಗಿ ಪರೀಕ್ಷಿಸಬೇಕು ಎಂದು ಸಲಹೆ ಕೊಟ್ಟೆ. ಪೂರ್ಣವಾಗಿ ಎಂದರೆ ಕಣಗಳ ಪರೀಕ್ಷೆಯಷ್ಟೇ ಅಲ್ಲ, ಸೀರಮ್‌ನ, ಅಂದರೆ ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ ದ್ರವದ, ಪರೀಕ್ಷೆಯೂ ಆಗಬೇಕು. ಚೀಟಿ ಅದಲುಬದಲಾಗಿರಬಹುದು, ತೀರಾ ದುರ್ಬಲವಾದ ಎ ಅಥವಾ ಬಿ ಗುಂಪನ್ನು ಓ ಎಂದು ಬರೆದಿರಬಹುದು. ಇವೆಲ್ಲವನ್ನೂ ನೋಡದೆ ಹೆಂಡತಿಯ ಶೀಲದ ಮಾತಿಗೆ ಹೋಗುವುದು ವಿಜ್ಞಾನವೂ ಅಲ್ಲ, ನ್ಯಾಯವೂ ಅಲ್ಲ.

ರಕ್ತನಿಧಿಯ ವೈದ್ಯರು ಆಕೆಯ ಪರೀಕ್ಷೆಯನ್ನು ದಂಪತಿಯ ಎದುರಿಗೇ ಮತ್ತೊಮ್ಮೆ ಮಾಡಿ ತೋರಿಸಲು ಒಪ್ಪಿದರು. ಆಕೆಯ ಕೆಂಪು ಕಣಗಳು ಎ ವಿರೋಧಿ ಪ್ರತಿಕಾಯಕ್ಕೂ (ಎ ಇರುವ ಕಣಗಳನ್ನು ಗುರುತಿಸಿ ಹಿಡಿಯುವ ಪ್ರೋಟೀನ್) ಗಂಟು ಕಟ್ಟಲಿಲ್ಲ, ಬಿ ವಿರೋಧಿಗೂ ಕಟ್ಟಲಿಲ್ಲ. ಇಲ್ಲಿಗೆ ನಿಲ್ಲಿಸಿದರೆ ಓ ಎಂದು ಬರೆಯಬೇಕು. ಹಿಂದೆ ಆದದ್ದೂ ಅಷ್ಟೇ. ಆಮೇಲೆ ಆಕೆಯ ಸೀರಮ್ ಇದ್ದ ಕೊಳವೆಗೆ ನಿಜವಾದ ಓ ಗುಂಪಿನ ಕಣಗಳನ್ನು ಹಾಕಿ, ಯಂತ್ರದಲ್ಲಿ ತಿರುಗಿಸಿ ಹೊರತೆಗೆದು, ಬೆರಳಿನಿಂದ ಮೆಲ್ಲಗೆ ತಟ್ಟಿದರು. ತಳದಲ್ಲಿ ಕುಳಿತಿದ್ದ ಕೆಂಪು ಚುಕ್ಕೆ ಬಿಡಿಬಿಡಿಯಾಗಿ ಕದಡಿಹೋಗಬೇಕಿತ್ತು. ಹೋಗಲಿಲ್ಲ. ಒಂದೇ ಗಟ್ಟಿ ಗಡ್ಡೆಯಾಗಿ ಮೇಲೆದ್ದು ಬಂತು. ಓ ಗುಂಪಿನವರ ಸೀರಮ್ ಸಾಮಾನ್ಯವಾಗಿ ಓ ಕಣಗಳನ್ನು ಹೀಗೆ ಹಿಡಿಯುವುದಿಲ್ಲ.

ಆಕೆಯದು ಓ ಗುಂಪಲ್ಲ, ಬಾಂಬೆ ರಕ್ತದ ಗುಂಪು.

ಬಾಂಬೆಯ ವೈದ್ಯ ವೈ. ಎಂ. ಭೆಂಡೆ ಮತ್ತು ಸಂಗಡಿಗರು 1952ರಲ್ಲಿ ಇದನ್ನು ಮೊದಲು ವರದಿ ಮಾಡಿದರು. ದಂಪತಿಗೆ ಇದನ್ನು ನಾನು ವಿವರಿಸಿದ್ದು ಹೀಗೆ. ಎ, ಬಿ ಎಂಬುವು ಕೆಂಪು ಕಣದ ಮೈಮೇಲಿರುವ ಸಕ್ಕರೆಯ ತುಣುಕುಗಳು. ಅವು ನೇರವಾಗಿ ಕಣಕ್ಕೆ ಅಂಟುವುದಿಲ್ಲ, ಎಚ್ ಎಂಬ ಇನ್ನೊಂದು ರಚನೆಯ ಮೇಲೆ ಕೂರುತ್ತವೆ. ಗೋಡೆಗೆ ಮೊಳೆಯೇ ಇಲ್ಲದಿದ್ದರೆ ಪಟ ಎಲ್ಲಿ ತೂಗುಹಾಕುವುದು? ಎ, ಬಿ, ಓ ನಿರ್ಧರಿಸುವ ಜೀನ್ 9ನೇ ವರ್ಣತಂತುವಿನಲ್ಲಿದೆ. ಎಚ್ ಕಟ್ಟುವ ಜೀನ್ 19ನೇ ವರ್ಣತಂತುವಿನಲ್ಲಿದೆ. ಒಂದಕ್ಕೂ ಇನ್ನೊಂದಕ್ಕೂ ಸಂಬಂಧವಿಲ್ಲದೆ ಎರಡೂ ಬೇರೆ ಬೇರೆಯಾಗಿ ಮಕ್ಕಳಿಗೆ ಹೋಗುತ್ತವೆ. ಆಕೆಗೆ ಅಪ್ಪನಿಂದ ಬಿ ಜೀನ್ ಬಂದಿದೆ. ಆದರೆ ಅಪ್ಪ, ಅಮ್ಮ ಇಬ್ಬರಿಂದಲೂ ಎಚ್ ಜೀನಿನ ಕೆಲಸ ಮಾಡದ ಪ್ರತಿಯೇ ಬಂದಿರುವುದರಿಂದ ಆ ಬಿ ಎಂದೂ ಹೊರಗೆ ಕಾಣಲಿಲ್ಲ. ಮಗಳಿಗೆ ಅಮ್ಮನಿಂದ ಬಿ ಹೋಯಿತು, ಅಪ್ಪನಿಂದ ಒಳ್ಳೆಯ ಎಚ್ ಹೋಯಿತು. ಅಜ್ಜನ ಬಿ ಮೊಮ್ಮಗಳಲ್ಲಿ ಕಾಣಿಸಿಕೊಂಡಿತು.

ಅಂದರೆ ಶಾಲೆಯಲ್ಲಿ ಕಲಿತ ನಿಯಮ ಸುಳ್ಳಲ್ಲ. ಓ ಜೀನ್ ಎರಡು ಪ್ರತಿ ಇರುವ ಇಬ್ಬರಿಗೆ ಓ ಮಗುವೇ ಹುಟ್ಟುತ್ತದೆ. ಎಬಿಓ ಗುಂಪುಗಳು ಮೂರು ರೂಪಗಳುಳ್ಳ ಒಂದೇ ಜೀನಿನಿಂದ ಬರುತ್ತವೆ ಎಂದು 1924ರಲ್ಲಿ ಗಣಿತಜ್ಞ ಫೆಲಿಕ್ಸ್ ಬರ್ನ್‌ಸ್ಟೈನ್ ತೋರಿಸಿದ್ದು ಇಂದಿಗೂ ನಿಂತಿದೆ. ಆದರೆ ನಿಯಮ ಹೇಳುವುದು ಜೀನ್‌ಗಳ ಬಗ್ಗೆ, ಕಾರ್ಡಿನ ಮೇಲೆ ಬರೆದಿರುವುದು ಕಣದ ಮೈಮೇಲೆ ಕಂಡದ್ದು. ಇವೆರಡೂ ಒಂದೇ ಎಂದುಕೊಂಡಾಗ ಅನಾಹುತಗಳಾಗುತ್ತವೆ.

"ನಮ್ಮ ಕಡೆ ಯಾರಿಗೂ ಇಂಥದ್ದು ಇಲ್ಲವಲ್ಲ, ಇಷ್ಟು ಅಪರೂಪದ್ದು ಇವಳಿಗೇ ಹೇಗೆ?" ಎಂದು ಆತ ಕೇಳಿದರು. ಅಪರೂಪ ಎನ್ನುವುದು ಎಲ್ಲೆಡೆಯೂ ಒಂದೇ ಅಳತೆಯದಲ್ಲ. ಭಾರತದಲ್ಲಿ ಸುಮಾರು 10,000 ಜನರಲ್ಲಿ ಒಬ್ಬರದು ಬಾಂಬೆ ಗುಂಪು ಎಂದು ಅಂದಾಜು. ಯುರೋಪಿನಲ್ಲಿ ಹತ್ತು ಲಕ್ಷಕ್ಕೆ ಒಬ್ಬರು. ಗಣಿತಜ್ಞ ಹಾರ್ಡಿ ಮತ್ತು ವೈದ್ಯ ವೈನ್‌ಬರ್ಗ್ 1908ರಲ್ಲಿ ಬೇರೆ ಬೇರೆಯಾಗಿ ಕಂಡುಕೊಂಡ ಲೆಕ್ಕವನ್ನು ಇಲ್ಲಿ ಹಾಕಿ ನೋಡಿ. 10,000ಕ್ಕೆ ಒಬ್ಬರಲ್ಲಿ ಗುಣ ಕಾಣುವ ಕಡೆ, ಅದನ್ನು ಒಳಗೇ ಹೊತ್ತಿರುವ ವಾಹಕರು ಸುಮಾರು 50 ಜನರಲ್ಲಿ ಒಬ್ಬರು. ಹತ್ತು ಲಕ್ಷಕ್ಕೆ ಒಬ್ಬರಿರುವ ಕಡೆಯೂ ಸುಮಾರು 500ಕ್ಕೆ ಒಬ್ಬ ವಾಹಕ. ಜನ ಮನಬಂದಂತೆ ಬೆರೆಯುತ್ತಾರೆ ಎಂಬ ಊಹೆಯ ಮೇಲೆ ನಿಂತ ಲೆಕ್ಕ ಇದು. ಹತ್ತಿರದವರಲ್ಲೇ ಮದುವೆಗಳಾದರೆ ಅಡಗಿದ ಗುಣ ಹೊರಬೀಳುವ ಸಂಭವ ಇನ್ನೂ ಹೆಚ್ಚು. ಎಂದೂ ಯಾರಿಗೂ ಕಾಣದ ಗುಣವೊಂದು ತಲೆಮಾರುಗಳ ಕಾಲ ಮನೆಯೊಳಗೇ ಹರಿದು ಬರುವುದರಲ್ಲಿ ಆಶ್ಚರ್ಯವಿಲ್ಲ.

ಬಿ ಗುಂಪಿನ ಹಂಚಿಕೆಯೂ ಹಾಗೆಯೇ. ಒಂದನೇ ಮಹಾಯುದ್ಧದ ಸಮಯದಲ್ಲಿ ಲುಡ್ವಿಕ್ ಮತ್ತು ಹಾನ್ನಾ ಹಿರ್ಷ್‌ಫೆಲ್ಡ್ ಎಂಬ ವೈದ್ಯ ದಂಪತಿ ಗ್ರೀಸಿನ ಸಲೋನಿಕಾದಲ್ಲಿ ಸೇರಿದ್ದ ನಾನಾ ದೇಶಗಳ ಸಾವಿರಾರು ಸೈನಿಕರ ರಕ್ತ ಪರೀಕ್ಷಿಸಿ 1919ರಲ್ಲಿ ಪ್ರಕಟಿಸಿದರು. ಇಂಗ್ಲಿಷರಲ್ಲಿ ಎ ಹೆಚ್ಚು, ಭಾರತೀಯರಲ್ಲಿ ಬಿ ಹೆಚ್ಚು. ಆದರೆ ಪ್ರತಿಯೊಂದು ಗುಂಪಿನ ಜನರಲ್ಲೂ ಎ, ಬಿ, ಓ ಮೂರೂ ಇದ್ದವು. ಬದಲಾಗಿದ್ದು ಪ್ರಮಾಣ ಮಾತ್ರ. 1972ರಲ್ಲಿ ತಳಿವಿಜ್ಞಾನಿ ರಿಚರ್ಡ್ ಲೆವಂಟಿನ್ ಹಾಕಿದ ಲೆಕ್ಕದಲ್ಲೂ ಮನುಷ್ಯರ ಆನುವಂಶಿಕ ವೈವಿಧ್ಯದ ಸುಮಾರು ಶೇ. 85ರಷ್ಟು ಒಂದೊಂದು ಜನಸಮುದಾಯದ ಒಳಗೇ ಸಿಕ್ಕಿತು. ನಮ್ಮವರಲ್ಲಿ ಇದು ಇರಲು ಸಾಧ್ಯವಿಲ್ಲ ಎಂಬ ಮಾತನ್ನು ಈ ಕೋಣೆಯಲ್ಲಿ ಎಷ್ಟೋ ಕುಟುಂಬಗಳಿಂದ ಕೇಳಿದ್ದೇನೆ. ಬಹಳ ಸಲ ಅದು ಅವರಲ್ಲಿಯೇ ಇರುತ್ತದೆ.

ಈಗ ಸಲಹೆಯ ವಿಚಾರ. ಮೊದಲ ಸಲಹೆ ಆಕೆಯ ಜೀವಕ್ಕೆ ಸಂಬಂಧಿಸಿದ್ದು. ತುರ್ತು ಸಮಯದಲ್ಲಿ ಎಲ್ಲರಿಗೂ ಕೊಡಬಹುದೆಂದು ನಂಬಿರುವ ಓ ನೆಗೆಟಿವ್ ರಕ್ತವೂ ಆಕೆಗೆ ಮಾರಕ. ಆಕೆಯ ದೇಹದಲ್ಲಿರುವ ಎಚ್ ವಿರೋಧಿ ಪ್ರತಿಕಾಯಗಳು ಆ ಕಣಗಳನ್ನು ಒಡೆಯುತ್ತವೆ. ಕೆಂಪು ಕಣಗಳು ಬೇಕಾದರೆ ಬಾಂಬೆ ಗುಂಪಿನವರಿಂದಲೇ ಬರಬೇಕು. ಆದ್ದರಿಂದ ಗುಂಪನ್ನು ಸ್ಪಷ್ಟವಾಗಿ ಬರೆದ ಕಾರ್ಡ್ ಸದಾ ಜೊತೆಯಲ್ಲಿರಬೇಕು, ಮೊಬೈಲ್‌ನ ತುರ್ತು ಮಾಹಿತಿಯಲ್ಲಿ ಇರಬೇಕು, ಹಳೆಯ ಕಡತಗಳಲ್ಲಿರುವ ಓ ಎಂಬುದನ್ನು ತಿದ್ದಿಸಬೇಕು, ಅಪರೂಪದ ರಕ್ತದಾನಿಗಳ ನೋಂದಣಿಯಲ್ಲಿ ಹೆಸರಿರಬೇಕು. ಮುಂದೆ ಗೊತ್ತುಪಡಿಸಿದ ಶಸ್ತ್ರಚಿಕಿತ್ಸೆ ಇದ್ದರೆ ತಮ್ಮದೇ ರಕ್ತವನ್ನು ಮುಂಚಿತವಾಗಿ ಕೊಟ್ಟಿಡಬಹುದು. ತಂಪಿನಲ್ಲಿಟ್ಟ ಕೆಂಪು ಕಣಗಳು ಹೆಚ್ಚೆಂದರೆ 42 ದಿನ ಬಾಳುತ್ತವೆ, ಹೆಪ್ಪುಗಟ್ಟಿಸಿಟ್ಟರೆ 10 ವರ್ಷದವರೆಗೂ ಉಳಿಸಬಹುದು. ಆರು ವರ್ಷದ ಹಿಂದೆ ಹೆರಿಗೆಯಲ್ಲಿ ರಕ್ತಸ್ರಾವವಾಗಿದ್ದರೆ ಏನಾಗುತ್ತಿತ್ತು ಎಂಬುದು ಗಂಡನಿಗೆ ಅರ್ಥವಾಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ.

ಇಲ್ಲಿ ಓದುಗರಿಗೆ ಒತ್ತಿ ಹೇಳಬೇಕಾದದ್ದು ಒಂದಿದೆ. ಆತ ಕೇಳಿದಂತೆ ಮೊದಲೇ ಡಿಎನ್‌ಎ ಪರೀಕ್ಷೆಗೆ ಕಳುಹಿಸಿದ್ದರೆ, ಅಪ್ಪ ನೀವೇ ಎಂಬ ಉತ್ತರ ಬಂದು ಎಲ್ಲರೂ ನಿಟ್ಟುಸಿರು ಬಿಟ್ಟು ಮನೆಗೆ ಹೋಗುತ್ತಿದ್ದರು. ಆಕೆಯ ಕಾರ್ಡಿನಲ್ಲಿ ಓ ಎಂದೇ ಉಳಿಯುತ್ತಿತ್ತು. ಗಂಡನ ಪ್ರಶ್ನೆ ತೀರುತ್ತಿತ್ತು, ಹೆಂಡತಿಯ ಅಪಾಯ ಹಾಗೆಯೇ ಇರುತ್ತಿತ್ತು.

ಆಕೆಯ ತಾಯಿ ಫೋನಿನಲ್ಲಿ ಅತ್ತರು, ಸಂಬಂಧದಲ್ಲಿ ಮದುವೆಯಾದ ನಮ್ಮದೇ ತಪ್ಪು ಎಂದರು. ಒಡಹುಟ್ಟಿದವರ ಮಕ್ಕಳು ಸರಾಸರಿ ಎಂಟನೇ ಒಂದು ಭಾಗದಷ್ಟು ಜೀನ್‌ಗಳನ್ನು ಹಂಚಿಕೊಂಡಿರುತ್ತಾರೆ, ಹಾಗಾಗಿ ಒಂದೇ ಅಡಗಿದ ಜೀನ್ ಇಬ್ಬರಲ್ಲೂ ಇರುವ ಸಂಭವ ಹೆಚ್ಚು, ಅಷ್ಟೇ. ಇದರಲ್ಲಿ ಯಾರ ಪಾಪವೂ ಇಲ್ಲ ಎಂದು ಹೇಳಿದೆ. ಅವರಿಬ್ಬರ ಪ್ರತಿ ಮಗುವಿಗೂ ಈ ಗುಂಪು ಬರುವ ಸಂಭವ ನಾಲ್ಕರಲ್ಲಿ ಒಂದು. ಆದ್ದರಿಂದ ಆಕೆಯ ಅಣ್ಣ, ತಂಗಿ ಇಬ್ಬರೂ ಪರೀಕ್ಷೆ ಮಾಡಿಸಿಕೊಳ್ಳಲಿ ಎಂದೆ.

ಗಂಡನಿಗೆ ಹೇಳಿದ್ದು ಬೇರೆ ಬಗೆಯ ಮಾತು. ಇನ್ನು ಡಿಎನ್‌ಎ ಪರೀಕ್ಷೆ ಬೇಡ ಎಂದು ಆತ ತಾವಾಗಿಯೇ ಹೇಳಿದರು. ರಕ್ತನಿಧಿಯ ವರದಿ ವಿರೋಧಾಭಾಸವನ್ನು ತೆಗೆದುಹಾಕುತ್ತದೆಯೇ ಹೊರತು ಪಿತೃತ್ವವನ್ನು ಸಾಬೀತು ಮಾಡುವುದಿಲ್ಲ ಎಂಬುದನ್ನು ನಾನು ಮುಚ್ಚಿಡಲಿಲ್ಲ. ಗೊತ್ತಿದ್ದೂ ಬೇಡ ಎನ್ನುವುದೇ ಈಗ ಮುಖ್ಯ ಎನಿಸಿತು. ಆತ ಮತ್ತೆ ಬೇಡ ಎಂದರು. ಆಗ ಆಕೆ ಮೊದಲ ಬಾರಿ ಗಂಡನತ್ತ ತಿರುಗಿ ಕೇಳಿದರು: "ಕೊಳವೆಯಲ್ಲಿ ಏನೂ ಕಾಣದಿದ್ದಿದ್ದರೆ ನನ್ನನ್ನು ನಂಬುತ್ತಿದ್ದಿರಾ?"

ಈ ಪ್ರಶ್ನೆಗೆ ಇಂದೇ ಉತ್ತರ ಕೊಡಬೇಡಿ ಎಂದೆ. ಆ ಕ್ಷಣದಲ್ಲಿ ಹೌದು ಎನ್ನುವುದು ಸುಲಭ, ಅದಕ್ಕೆ ಬೆಲೆಯಿಲ್ಲ. ಬದಲಿಗೆ ಎರಡು ಕೆಲಸ ಹೇಳಿದೆ. ಸಂಶಯವನ್ನು ಯಾರ ಯಾರ ಕಿವಿಗೆ ಹಾಕಿದ್ದೀರೋ ಅವರೆಲ್ಲರಿಗೂ ಸತ್ಯವನ್ನು ನೀವೇ ಹೇಳಬೇಕು, ಆಕೆಯ ಎದುರಿನಲ್ಲಿ ಹೇಳಬೇಕು. ಮತ್ತು ಆ ತಿಂಗಳುಗಳಲ್ಲಿ ಏನೇನು ಯೋಚಿಸಿದಿರಿ ಎಂಬುದನ್ನು ಆಕೆ ಕೇಳಿದಾಗ, ಕೇಳಿದಷ್ಟು, ಅಲಂಕಾರವಿಲ್ಲದೆ ಹೇಳಬೇಕು. ಆಕೆಗೆ ಕ್ಷಮಿಸಿ ಎಂದು ನಾನು ಹೇಳಲಿಲ್ಲ. ವಿಜ್ಞಾನ ತಪ್ಪು ಕಲ್ಪನೆಯನ್ನು ಅಳಿಸಬಲ್ಲದು, ಅವಮಾನವನ್ನು ಅಳಿಸುವುದು ಅದರ ಕೆಲಸವಲ್ಲ. ಕೋಪಕ್ಕೆ ಬೇಕಾದಷ್ಟು ಕಾಲ ತೆಗೆದುಕೊಳ್ಳಿ ಎಂದಷ್ಟೇ ಹೇಳಿದೆ.

ಮಗಳಿಗೆ ಈಗ ಹೇಳಬೇಕಾದದ್ದೇನೂ ಇಲ್ಲ. ಅವಳ ರಕ್ತ ಸಾಮಾನ್ಯ ಬಿ ಗುಂಪು, ಬೇಕಾದಾಗ ಬಿ ರಕ್ತವನ್ನೇ ಕೊಡಬಹುದು. ಕೆಲಸ ಮಾಡದ ಎಚ್ ಜೀನಿನ ವಾಹಕಿ ಅವಳು ಎಂಬುದನ್ನು ದೊಡ್ಡವಳಾದ ಮೇಲೆ ತಿಳಿಸಿದರೆ ಸಾಕು.

ಆಕೆಯ ತಂಗಿಯದು ಸಾಮಾನ್ಯ ಬಿ ಎಂದು ಬಂತು. ಅಣ್ಣನದು ಬಾಂಬೆ ಗುಂಪು, ಆಕೆಯಂತೆ ಅವರೂ ಪಾಸಿಟಿವ್. ಅವರ ಕಾರ್ಡಿನಲ್ಲೂ ಇಷ್ಟು ವರ್ಷ ಓ ಎಂದೇ ಇತ್ತು. ಈಗ ಆಕೆ, ಆಕೆಯ ಅಣ್ಣ ಇಬ್ಬರೂ ಅಪರೂಪದ ದಾನಿಗಳ ಪಟ್ಟಿಯಲ್ಲಿದ್ದಾರೆ. ಗಂಡ ತಮ್ಮ ಅಣ್ಣನನ್ನು ಮನೆಗೆ ಕರೆಸಿ ಮಾತನಾಡಿದ್ದಾರೆ. ದಂಪತಿ ನನ್ನ ಬಳಿ ಇನ್ನೂ ಬರುತ್ತಿದ್ದಾರೆ. ಎರಡನೇ ಮಗುವಿನ ಮಾತು ಈಚೆಗೆ ಎತ್ತಿದವರು ಆಕೆ. ಗರ್ಭಿಣಿಯಾದರೆ ಎಚ್ ವಿರೋಧಿ ಪ್ರತಿಕಾಯದ ಮಟ್ಟವನ್ನು ಮೊದಲಿನಿಂದಲೇ ಗಮನಿಸಬೇಕು, ಹೆರಿಗೆಗೆ ಮುಂಚೆ ರಕ್ತದ ಏರ್ಪಾಡು ಆಗಿರಬೇಕು ಎಂದು ಪ್ರಸೂತಿ ತಜ್ಞರಿಗೆ ಪತ್ರ ಬರೆದುಕೊಟ್ಟಿದ್ದೇನೆ.