'ಪಾಸ್ಡ್ ಔಟ್' ಅಂದ್ರೆ ಡಿಗ್ರಿ ಮುಗಿಸಿದ್ದಾ, ಎಚ್ಚರ ತಪ್ಪಿದ್ದಾ?

ಅಮೆರಿಕದಲ್ಲಿರೋ ಕಸಿನ್ 'ಐ ಪಾಸ್ಡ್ ಔಟ್ ಆನ್ ದ ಸೋಫಾ' ಅಂತ ಮೆಸೇಜ್ ಮಾಡಿದಾನೆ, ಸೋಫಾ ಮೇಲೆ ಹೆಂಗ್ ಪಾಸ್ ಆಗ್ತಾರೆ ಅಂತ ಕೇಳಿದೀರ. ಗಾಬರಿ ಬೇಡ, ಸುಸ್ತಾಗೋ ಎಣ್ಣೆ ಜಾಸ್ತಿಯಾಗೋ ಅಲ್ಲೇ ಬಿದ್ಕೊಂಡು ನಿದ್ದೆ ಹೊಡೆದಿದಾನೆ ಅಷ್ಟೆ, ಬೆಂಗ್ಳೂರ್ ಹುಡುಗ್ರು 'ಫ್ಲಾಟ್ ಆಗ್ಬಿಟ್ಟ ಮಗಾ' ಅಂತಾರಲ್ಲ, ಅದೇ.

ಆ ಕಡೆ ಪಾಸ್ ಔಟ್ ಅಂದ ತಕ್ಷಣ ಹೊಳೆಯೋದು ಎಚ್ಚರ ತಪ್ಪೋದು. ಬಿಸಿಲಲ್ಲಿ ನಿಂತು ತಲೆ ಸುತ್ತಿ ಬಿದ್ರೂ ಪಾಸ್ಡ್ ಔಟ್, ಇಂಜೆಕ್ಷನ್ ಸೂಜಿ ನೋಡಿ ಬಿದ್ರೂ ಪಾಸ್ಡ್ ಔಟ್. ಫೇಂಟ್ ಅಂದ್ರೂ ನಡೆಯತ್ತೆ, ಆದ್ರೆ ಕುಡಿದು ಮಲಗಿದವನಿಗೆ ಸಾಮಾನ್ಯವಾಗಿ ಫೇಂಟೆಡ್ ಅನ್ನಲ್ಲ. ಇನ್ನು ಬ್ಲಾಕ್ ಔಟ್, ಇದನ್ನೂ ಎಚ್ಚರ ತಪ್ಪೋದಕ್ಕೆ ಬಳಸ್ತಾರೆ, ಆದ್ರೆ ಕುಡಿತದ ವಿಷಯಕ್ಕೆ ಬಂದ್ರೆ ಬೇರೆ: ಆಸಾಮಿ ಓಡಾಡ್ತಾ ಇರ್ತಾನೆ, ಮಾತಾಡ್ತಾನೆ, ಎಕ್ಸ್‌ಗೆ ಫೋನೂ ಮಾಡಿರ್ತಾನೆ, ಬೆಳಿಗ್ಗೆ ಎದ್ರೆ ಒಂದೂ ನೆನಪಿರಲ್ಲ.

ನಮ್ಮಲ್ಲಿ '2019 ಪಾಸೌಟ್' ಅಂತ ವಾಕ್-ಇನ್ ಇಂಟರ್‌ವ್ಯೂ ಜಾಹೀರಾತಲ್ಲೇ ಹಾಕ್ತಾರೆ, ಯಾರೂ ತಲೆ ಕೆಡಿಸ್ಕೊಳ್ಳಲ್ಲ. ಇದನ್ನ ತಪ್ಪು ಇಂಗ್ಲಿಷ್ ಅಂತ ಆಡ್ಕೊಳ್ಳೋರನ್ನ ಕಂಡ್ರೆ ನಂಗಾಗಲ್ಲ. ಬ್ರಿಟನ್ನಲ್ಲೂ ಸೈನ್ಯದ ಟ್ರೈನಿಂಗ್ ಮುಗಿಸಿದವರಿಗೆ ಪಾಸ್ಡ್ ಔಟ್ ಅಂತಾನೇ ಅನ್ನೋದು. ಡೆಹ್ರಾಡೂನ್‌ನ ಇಂಡಿಯನ್ ಮಿಲಿಟರಿ ಅಕಾಡೆಮಿ ಪಾಸಿಂಗ್ ಔಟ್ ಪರೇಡ್ ನೋಡಿರ್ತೀರ, ಕೆಡೆಟ್‌ಗಳು ಕೊನೇಲಿ 'ಅಂತಿಮ್ ಪಗ್' (ಅಂದ್ರೆ ಕೊನೇ ಹೆಜ್ಜೆ) ದಾಟಿ ಆಫೀಸರ್ ಆಗ್ತಾರೆ. ನಮ್ ಪೇಪರ್‌ನೋರು ಪೊಲೀಸ್ ಟ್ರೈನಿಂಗ್ ಸುದ್ದೀಲಿ 'ನಿರ್ಗಮನ ಪಥಸಂಚಲನ' ಅಂತ ಬರೆಯೋದೂ ಇದನ್ನೇ.

ಎಡವಟ್ಟಾಗೋದು 'ಫ್ರಮ್' ಸೇರಿಸ್ದಾಗ. 'ಪಾಸ್ಡ್ ಔಟ್ ಫ್ರಮ್ ದ ಹೀಟ್' ಅಂದ್ರೆ ಸೆಕೆ ತಡೀಲಾರದೆ ಬಿದ್ದ ಅಂತ, ಅಂದ್ರೆ ಫ್ರಮ್ ಆದ್ಮೇಲೆ ಬರೋದು ಬೀಳೋಕೆ ಕಾರಣ. ಈಗ 'ಐ ಪಾಸ್ಡ್ ಔಟ್ ಫ್ರಮ್ ಮೈಸೂರ್ ಯೂನಿವರ್ಸಿಟಿ' ಅಂತ ಅಮೆರಿಕದ ಎಚ್‌ಆರ್ ಓದಿದ್ರೆ ಯೂನಿವರ್ಸಿಟಿ ಕಾಟಕ್ಕೆ ಮೂರ್ಛೆ ಹೋದ ಅಂದ್ಕೊಂಡ್ರೂ ಅಂದ್ಕೊಂಡ್ರೇ (ಕೆಲವ್ರ ವಿಷಯದಲ್ಲಿ ನಿಜಾನೂ ಇರ್ಬೋದು). ಹೊರಗಡೆಗೆ ಕಳಿಸೋ ರೆಸ್ಯೂಮೆಲಿ 'ಗ್ರಾಜುಯೇಟೆಡ್ ಇನ್ 2019' ಅಂತ ಹಾಕಿ, ಇಲ್ಲಿಗಾದ್ರೆ ಪಾಸೌಟೇ ಇರ್ಲಿ.

ಅಂದಹಾಗೆ ಅಲ್ಲಿನ ಟೀಚರ್ 'ಪಾಸ್ ಔಟ್ ದ ಪೇಪರ್ಸ್' ಅಂದ್ರೆ ಎಲ್ಲರಿಗೂ ಹಂಚು ಅಂತ. 'ಪಾಸ್ ದೆಮ್ ಔಟ್' ಅಂತ ಮಧ್ಯ ಪದ ತೂರಿಸಿದ್ರೆ ಈ ಹಂಚೋ ಅರ್ಥಾನೇ ಹಿಡೀರಿ, ಎಚ್ಚರ ತಪ್ಪೋದರ ಮಧ್ಯ ಹಂಗೆ ಏನೂ ತೂರ್ಸಕ್ಕಾಗಲ್ಲ.