ಓದುಗರ ಪ್ರಶ್ನೆ: ಹಳೆಯ ಕಂಪ್ಯೂಟರ್ ಏನನ್ನು ಕಾಯುತ್ತ ಕುಳಿತಿದೆ?

ಪ್ರಶ್ನೆ: ನಮ್ಮ ಮನೆಯ ಡೆಸ್ಕ್‌ಟಾಪ್ ಕಂಪ್ಯೂಟರಿಗೆ ಒಂಬತ್ತು ವರ್ಷ. ಸ್ವಿಚ್ ಒತ್ತಿದ ಮೇಲೆ ಕೆಲಸಕ್ಕೆ ಒದಗಲು ಹತ್ತು ನಿಮಿಷ ಬೇಕು. ಬೇಡದ ಫೈಲುಗಳನ್ನೆಲ್ಲ ಅಳಿಸಿದೆ, ಫೋಟೊಗಳನ್ನು ಪೆನ್‌ಡ್ರೈವಿಗೆ ಸಾಗಿಸಿದೆ, ಅರ್ಧಕ್ಕರ್ಧ ಡಿಸ್ಕ್ ಖಾಲಿಯಾಯಿತು. ವೇಗ ಮಾತ್ರ ಕೂದಲೆಳೆಯಷ್ಟೂ ಹೆಚ್ಚಲಿಲ್ಲ. ಹೊಸದನ್ನೇ ಕೊಳ್ಳಬೇಕೆ?

ಉತ್ತರ: ಬೇಡ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಿರಿ, ಅಷ್ಟೆ. ಡಿಸ್ಕ್ ತೀರಾ ಭರ್ತಿಯಾಗಿ ಹತ್ತರಲ್ಲಿ ಒಂದು ಪಾಲಿಗಿಂತ ಕಡಿಮೆ ಜಾಗ ಉಳಿದಿದ್ದರೆ ಅಳಿಸುವುದರಿಂದ ಉಪಯೋಗವಿದೆ. ಅದಕ್ಕಿಂತ ಹೆಚ್ಚು ಖಾಲಿ ಇದ್ದರೆ ಫೋಟೊಗಳು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

ಹತ್ತು ನಿಮಿಷ ಕಾಯುವುದು ನಿಮಗೆ ಅಭ್ಯಾಸವಾಗಿದೆ. ಇನ್ನೊಂದು ಸಲ ಕಾಯಿರಿ, ಆದರೆ ಈ ಸಲ ಕೈಯಲ್ಲಿ ಕಾಗದ, ಪೆನ್ಸಿಲ್ ಇರಲಿ. ಪರದೆ ಬರುತ್ತಿದ್ದಂತೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಕೀಲಿಗಳನ್ನು ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ತೆರೆದುಕೊಳ್ಳುತ್ತದೆ. ಸಿಪಿಯು (ಅಂದರೆ ಪ್ರೊಸೆಸರ್), ಮೆಮೊರಿ, ಡಿಸ್ಕ್ ಎಂಬ ಸಾಲುಗಳ ನೆತ್ತಿಯ ಮೇಲೆ ಶೇಕಡಾವಾರು ಅಂಕಿಗಳಿರುತ್ತವೆ. ನಿಮಿಷಕ್ಕೊಮ್ಮೆ ಬರೆದುಕೊಳ್ಳಿ.

2014ರಲ್ಲಿ ಕೊಂಡ ನನ್ನ ಸ್ವಂತ ಯಂತ್ರ ಹೀಗೆಯೇ ಕೈಕೊಟ್ಟಾಗ ನಾನೂ ಬರೆದುಕೊಂಡಿದ್ದೆ. ಆ ಚೀಟಿ ಇಂದಿಗೂ ನನ್ನ ಉಪಕರಣಗಳ ಡಬ್ಬದಲ್ಲಿದೆ. ಎರಡನೆಯ ನಿಮಿಷ: ಸಿಪಿಯು 18, ಮೆಮೊರಿ 61, ಡಿಸ್ಕ್ 100. ಐದನೆಯ ನಿಮಿಷ: 11, 64, 100. ಏಳನೆಯ ನಿಮಿಷ: 9, 64, 100. ಲೆಕ್ಕ ಮಾಡಬೇಕಾದ ಪ್ರೊಸೆಸರ್ ಕೈಕಟ್ಟಿ ಕುಳಿತಿದೆ, ಮೆಮೊರಿಯಲ್ಲಿ ಇನ್ನೂ ಜಾಗವಿದೆ, ಬಡಪಾಯಿ ಡಿಸ್ಕ್ ಒಂದೇ ಬೆವರು ಸುರಿಸುತ್ತಿದೆ. ಅಷ್ಟು ಬೆವರಿಗೆ ಅದು ಸಾಗಿಸುತ್ತಿದ್ದುದಾದರೂ ಎಷ್ಟು? ಸೆಕೆಂಡಿಗೆ ಒಂದು ಮೆಗಾಬೈಟ್ ಕೂಡ ಇರಲಿಲ್ಲ.

ಇದು ಸೋಮಾರಿತನವಲ್ಲ, ಅದರ ಮೈಕಟ್ಟೇ ಹಾಗೆ. ಹಾರ್ಡ್ ಡಿಸ್ಕಿನೊಳಗೆ ತಟ್ಟೆಗಳು ತಿರುಗುತ್ತವೆ, ತೋಳೊಂದು ಆ ಕಡೆ ಈ ಕಡೆ ಓಡಾಡಿ ಓದುತ್ತದೆ. ನಿಮಿಷಕ್ಕೆ 5400 ಸುತ್ತು ಎಂದರೆ ಸೆಕೆಂಡಿಗೆ 90 ಸುತ್ತು, ಒಂದು ಸುತ್ತಿಗೆ 11 ಮಿಲಿಸೆಕೆಂಡ್. ಬೇಕಾದ ಚೂರು ತೋಳಿನ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು ಕಾಯಬೇಕು. ತೋಳು ಆ ಜಾಗಕ್ಕೆ ಸರಿಯಲು ಇನ್ನೊಂದು ಹತ್ತು ಮಿಲಿಸೆಕೆಂಡ್ ಸೇರಿಸಿ. ಹೀಗೆ ಚದುರಿದ ಚೂರುಗಳನ್ನು ಹೆಕ್ಕುವುದಾದರೆ ಸೆಕೆಂಡಿಗೆ ಅರವತ್ತು, ಅರವತ್ತೈದು ಚೂರು ಸಿಕ್ಕರೆ ಹೆಚ್ಚು. ಕಂಪ್ಯೂಟರ್ ಏಳುವಾಗ ಬೇಕಾಗುವುದು ದೊಡ್ಡದೊಂದು ಫೈಲಲ್ಲ, ಎಲ್ಲೆಲ್ಲೋ ಬಿದ್ದಿರುವ ಸಾವಿರಾರು ಪುಡಿ ಫೈಲುಗಳು. ಮೂವತ್ತು ಸಾವಿರ ಚೂರು ಎಂದಿಟ್ಟುಕೊಂಡು ಭಾಗಿಸಿ ನೋಡಿ: ಏಳೂವರೆ ನಿಮಿಷ ದಾಟುತ್ತದೆ. ವಿಂಡೋಸ್ ತನ್ನ ಜಾಣತನದಿಂದ ಕೆಲವನ್ನು ಸಾಲಾಗಿ ಓದಿಕೊಳ್ಳುವುದರಿಂದ ಇದು ಅಂದಾಜು ಮಾತ್ರ. ಆದರೂ ನಿಮ್ಮ ಹತ್ತು ನಿಮಿಷ ಎಲ್ಲಿಗೆ ಹೋಯಿತೆಂದು ತಿಳಿಯಿತಲ್ಲ.

ನನಗೆ ಮೋಜೆನಿಸುವ ಸಂಗತಿಯೊಂದಿದೆ. 1956ರಲ್ಲಿ ಐಬಿಎಂ ಹೊರತಂದ ಮೊದಲ ಡಿಸ್ಕಿನಲ್ಲಿ 24 ಇಂಚು ಅಗಲದ 50 ತಟ್ಟೆಗಳಿದ್ದವು, ಹಿಡಿಸುತ್ತಿದ್ದುದು 50 ಲಕ್ಷ ಅಕ್ಷರ, ತಿರುಗುತ್ತಿದ್ದುದು ನಿಮಿಷಕ್ಕೆ 1200 ಸುತ್ತು. ಅಲ್ಲಿಂದ ಇಲ್ಲಿಗೆ ಸಾಮರ್ಥ್ಯ ಲಕ್ಷ ಪಟ್ಟಿಗೂ ಮಿಕ್ಕಿ ಬೆಳೆಯಿತು. ಮನೆಬಳಕೆಯ ಸಾಮಾನ್ಯ ಡಿಸ್ಕ್ ತಿರುಗುವ ವೇಗ ಮಾತ್ರ 5400, ಬಹಳವೆಂದರೆ 7200. ಆರು ಪಟ್ಟು! ಉಗ್ರಾಣ ಊರಗಲವಾಯಿತು, ಸಾಮಾನು ಎತ್ತಿಕೊಡುವವನು ಮಾತ್ರ ಅವನೊಬ್ಬನೇ.

ಆದ್ದರಿಂದ ನಿಮ್ಮ ಚೀಟಿಯಲ್ಲೂ ಡಿಸ್ಕ್ ಸಾಲಿನಲ್ಲಿ ನೂರರ ಮೇಲೆ ನೂರು ಬಂದಿದ್ದರೆ, ತಟ್ಟೆಗಳ ಬದಲು ಚಿಪ್‌ಗಳಲ್ಲಿ ಮಾಹಿತಿ ಹಿಡಿದಿಡುವ ಎಸ್‌ಎಸ್‌ಡಿ ಹಾಕಿಸಿ. ಅದರಲ್ಲಿ ತಿರುಗುವುದೂ ಇಲ್ಲ, ತೋಳೂ ಇಲ್ಲ. ಒಂದು ಚೂರಿಗೆ ಮಿಲಿಸೆಕೆಂಡಿನ ಹತ್ತನೇ ಒಂದು ಭಾಗ ಸಾಕು. ಅದೇ ಮೂವತ್ತು ಸಾವಿರ ಚೂರಿಗೆ ಮೂರು ಸೆಕೆಂಡ್. ನನ್ನ ಯಂತ್ರ ಏಳು ನಿಮಿಷದಿಂದ ನಲವತ್ತು ಸೆಕೆಂಡಿಗೆ ಇಳಿಯಿತು, ಬೇರೇನನ್ನೂ ಮುಟ್ಟಿರಲಿಲ್ಲ. ನಿಮ್ಮದಕ್ಕೆ ಸಾಟಾ ಎಂಬ ಕೇಬಲ್ ಜೋಡಣೆಯ ಎರಡೂವರೆ ಇಂಚಿನ ಮಾದರಿ ಹೊಂದುತ್ತದೆ. 256 ಜಿಬಿ ಧಾರಾಳ ಸಾಕು. ಫೋಟೊ, ವಿಡಿಯೊಗಳಿಗೆ ಹಳೆಯ ಡಿಸ್ಕ್ ಇದ್ದೇ ಇದೆ. ಒಂದು ಡೇಟಾ ಕೇಬಲ್, ಒಂದು ಪವರ್ ಕೇಬಲ್ ಸಿಕ್ಕಿಸಿ, ವಿಂಡೋಸನ್ನು ಅದಕ್ಕೆ ಸಾಗಿಸಿದರೆ ಅಥವಾ ಅದರಲ್ಲಿ ಹೊಸದಾಗಿ ಹಾಕಿದರೆ ಕೆಲಸ ಮುಗಿಯಿತು. ಕೂರಿಸಲು ಚೌಕಟ್ಟು ಸಿಗಲಿಲ್ಲವೆಂದು ಎರಡು ಬದಿಯ ಅಂಟುಪಟ್ಟಿಯಲ್ಲಿ ಪೆಟ್ಟಿಗೆಯ ಗೋಡೆಗೆ ಅಂಟಿಸಿದ ನನ್ನದು ಇಂದಿಗೂ ಅಲ್ಲೇ ನೇತಾಡುತ್ತಿದೆ. ಅದನ್ನು ಡಿಫ್ರಾಗ್ ಮಾಡಲು, ಅಂದರೆ ಚದುರಿದ ಚೂರುಗಳನ್ನು ಒಂದೆಡೆ ಜೋಡಿಸಲು, ಮಾತ್ರ ಹೋಗಬೇಡಿ, ಅದು ತಿರುಗುವ ಡಿಸ್ಕಿಗೆ ಹೇಳಿದ ಮದ್ದು.

ಒಂದು ಎಚ್ಚರಿಕೆ. ಹಳೆಯ ಡಿಸ್ಕ್ ಸಾಯುವ ಮುನ್ನವೂ ಹೀಗೆಯೇ ನಿಧಾನವಾಗುತ್ತದೆ. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ತಂತ್ರಾಂಶದಲ್ಲಿ ಅದರ ಆರೋಗ್ಯ ನೋಡಿ. ಹಳದಿ ಬಣ್ಣ ಬಂದರೆ ಮೊದಲು ಮುಖ್ಯ ಫೈಲುಗಳ ನಕಲು, ಆಮೇಲೆ ಮಿಕ್ಕ ಮಾತು. ಒಳಗಿನಿಂದ ಟಕ್ ಟಕ್ ಸದ್ದು ಕೇಳಿದರೆ ಪ್ರಯೋಗ ಮಾಡದೆ ಆರಿಸಿಬಿಡಿ.

ಪ್ರಶ್ನೆ: ನನ್ನಲ್ಲಿ 4 ಜಿಬಿ ರ‍್ಯಾಮ್ ಇದೆ. 16 ಜಿಬಿಗೆ ಏರಿಸಿದರೆ ನಾಲ್ಕು ಪಟ್ಟು ವೇಗ ಬರುತ್ತದೆಯೇ?

ಉತ್ತರ: ಬರುವುದಿಲ್ಲ. ರ‍್ಯಾಮ್ ಎಂದರೆ ಟಾಸ್ಕ್ ಮ್ಯಾನೇಜರ್ ಹೇಳುವ ಮೆಮೊರಿಯೇ. ಅದು ಸಾಲದಿದ್ದರೆ ತೊಂದರೆ, ಸಾಕಷ್ಟಿದ್ದ ಮೇಲೆ ಎಷ್ಟು ಸುರಿದರೂ ಲಾಭವಿಲ್ಲ. ನೀವು ದಿನವೂ ತೆರೆಯುವಷ್ಟು ಪುಟಗಳನ್ನು ಬ್ರೌಸರಿನಲ್ಲಿ ತೆರೆದಿಟ್ಟು ಟಾಸ್ಕ್ ಮ್ಯಾನೇಜರ್ ನೋಡಿ. ಮೆಮೊರಿ ಶೇಕಡಾ 90ರ ಆಚೆ ನಿಂತಿದ್ದರೆ, ವಿಂಡೋಸ್ ಜಾಗ ಸಾಲದೆ ಡಿಸ್ಕಿನ ಮೇಲೇ ಚಾಪೆ ಹಾಸಿಕೊಂಡಿದೆ ಎಂದರ್ಥ. ಆಗ 8 ಜಿಬಿ ಮಾಡಿದರೆ ಮನೆಬಳಕೆಗೆ ನೆಮ್ಮದಿ. ನಿಮ್ಮ ವಿಂಡೋಸ್ 32 ಬಿಟ್ಟಿನದೋ 64 ಬಿಟ್ಟಿನದೋ ಎಂದು ಮೊದಲು ನೋಡಿಕೊಳ್ಳಿ. ಮನೆಬಳಕೆಯ 32 ಬಿಟ್ ವಿಂಡೋಸ್ 4 ಜಿಬಿಯ ಆಚೆಗೆ ಏನನ್ನೂ ಬಳಸಿಕೊಳ್ಳಲಾರದು.

ಇನ್ನು ಮೆಮೊರಿಯ ಪಟ್ಟಿ ಕೊಳ್ಳುವಾಗ ಹಳೆಯದನ್ನು ಕಳಚಿ ಅದರ ಮೇಲೆ ಬರೆದಿರುವುದನ್ನು ಓದಿ. ಡಿಡಿಆರ್3, ಡಿಡಿಆರ್4 ಎಂಬ ಎರಡು ತಲೆಮಾರಿನ ಪಟ್ಟಿಗಳಲ್ಲಿ ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ. ಡೆಸ್ಕ್‌ಟಾಪಿನಲ್ಲಿ ಮೊದಲನೆಯದಕ್ಕೆ 240 ಪಿನ್, ಎರಡನೆಯದಕ್ಕೆ 288. ನಡುವಿನ ಕಚ್ಚು ಕೂಡ ಬೇರೆ ಜಾಗದಲ್ಲಿದೆ. ಇದನ್ನು ಇಷ್ಟು ಖಚಿತವಾಗಿ ಹೇಳಲು ಕಾರಣವಿದೆ. ಒಮ್ಮೆ ಮಂದ ಬೆಳಕಿನಲ್ಲಿ ತಪ್ಪು ಪಟ್ಟಿಯನ್ನು ಹೆಬ್ಬೆರಳು ಕೆಂಪಾಗುವಷ್ಟು ಒತ್ತಿ, ಸ್ಲಾಟಿನಲ್ಲೇ ದೋಷವಿದೆ ಎಂದು ಮಾಲೀಕರಿಗೆ ಹೇಳಿ, ಮರುದಿನ ಹೋಗಿ ಕ್ಷಮೆ ಕೇಳಿದವನು ನಾನು.

ಪ್ರಶ್ನೆ: ವೇಗ ಹೆಚ್ಚಿಸುವ ಉಚಿತ ತಂತ್ರಾಂಶವೊಂದನ್ನು ಹಾಕಿಕೊಂಡೆ. ರಿಜಿಸ್ಟ್ರಿಯಲ್ಲಿ 1248 ದೋಷಗಳಿವೆ, ಹಣ ಕಟ್ಟಿದರೆ ಸರಿಪಡಿಸುತ್ತೇನೆ ಎನ್ನುತ್ತಿದೆ. ಕಟ್ಟಲೇ?

ಉತ್ತರ: ಕಟ್ಟಬೇಡಿ, ಅದನ್ನೇ ಕಿತ್ತುಹಾಕಿ. ಇಂಥದ್ದೊಂದನ್ನು ನಾನು ಆಗಷ್ಟೇ ಹೊಸದಾಗಿ ವಿಂಡೋಸ್ ಹಾಕಿದ ಯಂತ್ರದಲ್ಲಿ ಓಡಿಸಿ ನೋಡಿದ್ದೇನೆ. ಹುಟ್ಟಿ ಒಂದು ಗಂಟೆಯೂ ಆಗದ ಕೂಸಿನ ಮೈಯಲ್ಲಿ ಅದು ಮುನ್ನೂರಕ್ಕೂ ಹೆಚ್ಚು ರೋಗ ಕಂಡುಹಿಡಿಯಿತು! ರಿಜಿಸ್ಟ್ರಿ ಎಂದರೆ ವಿಂಡೋಸಿನ ದಫ್ತರ, ಅದರಲ್ಲಿ ಲಕ್ಷಗಟ್ಟಲೆ ನಮೂದುಗಳಿರುತ್ತವೆ. ಸಾವಿರ ಹಳೆಯ ಸಾಲುಗಳನ್ನು ಹೊಡೆದುಹಾಕಿದರೆ ವೇಗದಲ್ಲಿ ನಿಮಗೆ ವ್ಯತ್ಯಾಸವೇ ತಿಳಿಯದು; ತಪ್ಪಿ ಬೇಕಾದ ಒಂದು ಸಾಲು ಹೋದರೆ ಮಾತ್ರ ಚೆನ್ನಾಗಿ ತಿಳಿಯುತ್ತದೆ. ಇಂಥ ತಂತ್ರಾಂಶಗಳನ್ನು ತಾನು ಬೆಂಬಲಿಸುವುದಿಲ್ಲವೆಂದು ಮೈಕ್ರೋಸಾಫ್ಟ್ ಕಂಪನಿಯೇ ಹೇಳಿದೆ.

ಅದರ ಬದಲು ಟಾಸ್ಕ್ ಮ್ಯಾನೇಜರಿನ ಸ್ಟಾರ್ಟ್‌ಅಪ್ ವಿಭಾಗಕ್ಕೆ ಹೋಗಿ. ಯಂತ್ರದ ಜೊತೆಗೇ ಎದ್ದು ಕೂರುವವರ ಪಟ್ಟಿ ಅಲ್ಲಿದೆ: ಎಂದೋ ಮಾರಿದ ಪ್ರಿಂಟರಿನ ಸಹಾಯಕ, ಯಾವುದೋ ಆಟದ ಅಂಗಡಿ, ಮೂರು ಬಗೆಯ ಅಪ್‌ಡೇಟರ್. ನನ್ನದರಲ್ಲಿ ಹದಿನಾಲ್ಕು ಇದ್ದವು, ಮೂರನ್ನು ಉಳಿಸಿದೆ. ಧ್ವನಿ, ಟಚ್‌ಪ್ಯಾಡ್, ಆಂಟಿವೈರಸ್ ಮೂರನ್ನು ಮುಟ್ಟಬೇಡಿ. ಆಂಟಿವೈರಸ್ ಎರಡಿದ್ದರೆ ಒಂದನ್ನು ತೆಗೆಯಿರಿ. ಒಬ್ಬ ಕಾವಲುಗಾರ ತೆರೆದ ಫೈಲನ್ನು ಇನ್ನೊಬ್ಬ ಅನುಮಾನದಿಂದ ಮತ್ತೆ ತೆರೆದು ನೋಡುತ್ತಾನೆ.

ಪ್ರಶ್ನೆ: ಆಗಾಗ್ಗೆ ರಿಫ್ರೆಶ್ ಒತ್ತುವುದರಿಂದ ವೇಗ ಹೆಚ್ಚುತ್ತದೆಯೇ?

ಉತ್ತರ: ಪರದೆಯ ಮೇಲಿನ ಚಿತ್ರಗಳನ್ನು ಮತ್ತೊಮ್ಮೆ ಬರೆಯುತ್ತದೆ, ಅಷ್ಟೆ. ನಾನೂ ಒತ್ತುತ್ತೇನೆ, ಬೆರಳಿಗೆ ಚಟ.

ಪ್ರಶ್ನೆ: ಲ್ಯಾಪ್‌ಟಾಪ್ ಮೊದಲ ಹತ್ತು ನಿಮಿಷ ಚುರುಕಾಗಿರುತ್ತದೆ. ಆಮೇಲೆ ಫ್ಯಾನ್ ಬೊಬ್ಬೆ ಹೊಡೆಯುತ್ತದೆ, ಎಲ್ಲವೂ ಮಂದವಾಗುತ್ತದೆ. ವೈರಸ್ ಇರಬಹುದೇ?

ಉತ್ತರ: ದೂಳು ಇರಬಹುದು. ಪ್ರೊಸೆಸರ್ ಬಿಸಿಯೇರಿ ತನ್ನ ಮಿತಿ ಮುಟ್ಟಿದಾಗ, ಹಲವು ಲ್ಯಾಪ್‌ಟಾಪುಗಳಲ್ಲಿ ಅದು 100 ಡಿಗ್ರಿ ಸೆಲ್ಸಿಯಸ್ ಆಸುಪಾಸು, ಸುಟ್ಟುಹೋಗದಂತೆ ತಾನೇ ವೇಗ ತಗ್ಗಿಸಿಕೊಳ್ಳುತ್ತದೆ. ಫ್ಯಾನಿಗೂ ಶಾಖ ಹೊರಹಾಕುವ ತಗಡಿನ ಹಲ್ಲುಗಳಿಗೂ ನಡುವೆ ದೂಳು ಕಂಬಳಿಯಂತೆ ನೇಯ್ದುಕೊಂಡಿರುತ್ತದೆ. ಒಂದು ಲ್ಯಾಪ್‌ಟಾಪಿನಿಂದ ನಾನು ಅದನ್ನು ಚಿಮಟದಲ್ಲಿ ಹಿಡಿದು ಎಳೆದಾಗ ಹರಿಯದೆ ಇಡಿಯಾಗಿ ಬಂತು, ಬೆರಳಿನಷ್ಟು ಉದ್ದ. ಯಂತ್ರ ಆರಿಸಿ, ಬ್ಯಾಟರಿ ಬಿಚ್ಚಿ, ಫ್ಯಾನಿನ ರೆಕ್ಕೆ ತಿರುಗದಂತೆ ಕಡ್ಡಿಯಿಂದ ತಡೆದು ಗಾಳಿಯ ಡಬ್ಬಿಯಿಂದ ಊದಿ. ಬಾಯಿಂದ ಊದಬೇಡಿ, ಎಂಜಲಿನ ತೇವ ತಾಗುತ್ತದೆ. ಅದಕ್ಕೂ ಬಗ್ಗದಿದ್ದರೆ ಪ್ರೊಸೆಸರ್ ಮೇಲಿನ, ಶಾಖ ದಾಟಿಸುವ ಥರ್ಮಲ್ ಪೇಸ್ಟ್ ಒಣಗಿರಬಹುದು; ಬಿಚ್ಚಿ ಅಭ್ಯಾಸವಿಲ್ಲದವರು ಅದನ್ನು ಬಲ್ಲವರ ಕೈಗೆ ಬಿಡುವುದು ಒಳ್ಳೆಯದು. ಹಾಸಿಗೆಯ ಮೇಲಿಟ್ಟು ಬಳಸುವವರಾದರೆ ಮೊದಲು ಅದನ್ನು ನಿಲ್ಲಿಸಿ ನೋಡಿ.

ಪ್ರಶ್ನೆ: ಶಟ್‌ಡೌನ್ ಮಾಡಿ ಮತ್ತೆ ಹಾಕಿದರೆ ಜಡತ್ವ ಹಾಗೆಯೇ ಇರುತ್ತದೆ, ರಿಸ್ಟಾರ್ಟ್ ಮಾಡಿದರೆ ಹೋಗುತ್ತದೆ. ಭ್ರಮೆಯೇ?

ಉತ್ತರ: ಭ್ರಮೆಯಲ್ಲ, ಒಳ್ಳೆಯ ಗಮನ. ವಿಂಡೋಸ್ 8ರಿಂದ ಈಚೆಗೆ ಶಟ್‌ಡೌನ್ ಎಂದರೆ ಅರ್ಧ ನಿದ್ದೆ. ಬೇಗ ಏಳುವ ಸಲುವಾಗಿ ತನ್ನ ಒಳಸ್ಥಿತಿಯನ್ನು ಡಿಸ್ಕಿಗೆ ಬರೆದಿಟ್ಟು ಮಲಗುತ್ತದೆ, ಎದ್ದಾಗ ನಿನ್ನೆಯ ಗಂಟನ್ನೇ ಬಿಚ್ಚುತ್ತದೆ. ರಿಸ್ಟಾರ್ಟಿನಲ್ಲಿ ಎಲ್ಲ ಹೊಸದಾಗಿ ಶುರು. ವಾರಕ್ಕೊಮ್ಮೆ ಮಾಡಿ.

ಪ್ರಶ್ನೆ: ವಿಂಡೋಸ್ 10ಕ್ಕೆ ಬೆಂಬಲ ನಿಂತಿತು, ನನ್ನ ಯಂತ್ರ ವಿಂಡೋಸ್ 11ಕ್ಕೆ ಒಗ್ಗುವುದಿಲ್ಲ. ಮುಂದೇನು?

ಉತ್ತರ: 2025ರ ಅಕ್ಟೋಬರ್ 14ರಂದು ನಿಂತಿದ್ದು ಭದ್ರತಾ ಪರಿಷ್ಕರಣೆ, ಕಂಪ್ಯೂಟರ್ ಅಲ್ಲ. ಆದರೂ ಬ್ಯಾಂಕ್ ವ್ಯವಹಾರ ಮಾಡುವ ಯಂತ್ರವನ್ನು ಹಾಗೆ ಬಿಡುವುದು ಸರಿಯಲ್ಲ. ನಾನಾದರೆ ವಿಂಡೋಸಿನ ಬದಲು ಉಚಿತವಾಗಿ ಸಿಗುವ ಲಿನಕ್ಸ್ ಮಿಂಟ್‌ನ ಎಕ್ಸ್‌ಎಫ್‌ಸಿಇ ಆವೃತ್ತಿ ಹಾಕುತ್ತೇನೆ. ಅದನ್ನು ಪೆನ್‌ಡ್ರೈವಿನಿಂದಲೇ ಓಡಿಸಿ, ಡಿಸ್ಕಿನಲ್ಲಿ ಏನನ್ನೂ ಬದಲಿಸದೆ ನೋಡಬಹುದು. ವೈಫೈ ಸಿಗುತ್ತದೆಯೇ, ಪ್ರಿಂಟರ್ ಮಾತು ಕೇಳುತ್ತದೆಯೇ, ಕನ್ನಡ ಟೈಪಿಂಗ್ ನಿಮ್ಮ ಕೈಗೆ ಒಗ್ಗುತ್ತದೆಯೇ ಎಂದು ಪರೀಕ್ಷಿಸಿ. ವಿಂಡೋಸಿನಲ್ಲಿ ಮಾತ್ರ ನಡೆಯುವ ಲೆಕ್ಕಪತ್ರದ ತಂತ್ರಾಂಶವೇ ನಿಮ್ಮ ಜೀವಾಳವಾದರೆ ಈ ದಾರಿ ನಿಮಗಲ್ಲ.

ಪ್ರಶ್ನೆ: ತೀರಿಕೊಂಡ ನನ್ನ ತಂದೆ ಬಳಸುತ್ತಿದ್ದ 2006ರ ಕಂಪ್ಯೂಟರ್ ಇದೆ. 512 ಎಂಬಿ ರ‍್ಯಾಮ್. ಹೇಗಾದರೂ ಅದನ್ನು ಈ ಕಾಲಕ್ಕೆ ತರಬೇಕೆಂಬ ಆಸೆ.

ಉತ್ತರ: ಆಗುವುದಿಲ್ಲ ಎಂದು ಹೇಳಲು ನನಗೂ ಕಷ್ಟ. ಇಂದಿನ ಬ್ರೌಸರಿನಲ್ಲಿ ಒಂದು ಪುಟ ತೆರೆಯುವುದರೊಳಗೆ ಆ ಮೆಮೊರಿ ಮುಗಿದುಹೋಗುತ್ತದೆ. ಆ ಮದರ್‌ಬೋರ್ಡಿಗೆ ಹೊಂದುವ ಭಾಗಗಳನ್ನು ಹುಡುಕುತ್ತ ಹೋದರೆ ಮೂಗಿಗಿಂತ ಮೂಗುತಿ ಭಾರ. ಆದರೆ ಡಿಸ್ಕ್ ಇನ್ನೂ ತಿರುಗುತ್ತಿದೆ ಎಂದು ಪತ್ರದ ಕೊನೆಗೆ ಬರೆದಿದ್ದೀರಿ. ವೇಗದ ಮಾತನ್ನು ಬದಿಗಿಟ್ಟು ಈ ವಾರವೇ ಆ ಡಿಸ್ಕನ್ನು ಹೊರತೆಗೆಯಿರಿ. ಅಗಲವಾದ ಪಟ್ಟಿಯಂಥ ಕೇಬಲ್, 40 ಪಿನ್ ಇದ್ದರೆ ಅದು ಐಡಿಇ ಮಾದರಿ. ಐಡಿಇಯಿಂದ ಯುಎಸ್‌ಬಿಗೆ ಬದಲಿಸುವ ಅಡಾಪ್ಟರ್ ಸಿಗುತ್ತದೆ, ತನ್ನದೇ ಪವರ್ ಇರುವಂಥದ್ದನ್ನು ಕೊಳ್ಳಿ. ಇನ್ನೊಂದು ಕಂಪ್ಯೂಟರಿಗೆ ಜೋಡಿಸಿ ಮೈ ಡಾಕ್ಯುಮೆಂಟ್ಸ್ ಫೋಲ್ಡರನ್ನು ಮೊದಲು ನಕಲು ಮಾಡಿ. ಹಳೆಯ ನುಡಿ, ಬರಹ ತಂತ್ರಾಂಶಗಳಲ್ಲಿ ಟೈಪ್ ಮಾಡಿದ ಪತ್ರಗಳು ಕಲಸುಮೇಲೋಗರವಾಗಿ ಕಂಡರೆ ಗಾಬರಿಯಾಗಬೇಡಿ, ಅವು ಯುನಿಕೋಡ್‌ಗೆ (ಇಂದಿನ ಎಲ್ಲ ಯಂತ್ರಗಳೂ ಒಪ್ಪುವ ಅಕ್ಷರ ಸಂಕೇತ) ಮೊದಲಿನ ಅಕ್ಷರಗಳು, ಪರಿವರ್ತಿಸಿದರೆ ಓದಬಹುದು. ಅಳಿಸಬೇಡಿ.