ಅಡಿಕೆ ತೋಟವನ್ನು ಮೇಲಿನ ಅರ್ಧ, ಕೆಳಗಿನ ಅರ್ಧ ಎಂದು ಪಾಲು ಮಾಡಬೇಡಿ

ಮೇಲಿನ ಅರ್ಧಕ್ಕೆ ಬೋರ್ಡೋ (ಮೈಲುತುತ್ತು-ಸುಣ್ಣದ ದ್ರಾವಣ), ಕೆಳಗಿನ ಅರ್ಧಕ್ಕೆ ಹೊಸ ಮದ್ದು ಸಿಂಪಡಿಸಿದರೆ, ಕಾಯಿ ಕೊಳೆತು ಉದುರುವ ಕೊಳೆರೋಗಕ್ಕೆ ಯಾವುದು ಒಳ್ಳೆಯದೆಂದು ತಿಳಿಯುತ್ತದಾ ಎಂದು ಕೇಳಿದ್ದೀರಿ. ಹೆಬ್ರಿ ಕಡೆಯ ತೋಟದಲ್ಲಿ ನಾನು ಮಾಡಿದ್ದೂ ಅದನ್ನೇ. ಕೆಳಗೆ ಕಾಯಿ ಹೆಚ್ಚು ಉದುರಿತು. ಹೊಸ ಮದ್ದು ಆಗದು ಎಂದು ಕೈಬಿಟ್ಟೆ. ಮರುವರ್ಷ ಇಡೀ ತೋಟಕ್ಕೆ ಬೋರ್ಡೋ ಬಿಟ್ಟೆ. ಆಗಲೂ ಕೆಳಗೇ ಹೆಚ್ಚು ಕೊಳೆಯಿತು.

ಮದ್ದಿನ ಹೆಸರಲ್ಲಿ ನಾನು ಹೋಲಿಸಿದ್ದು ಎರಡು ಜಾಗಗಳನ್ನು. ಕೆಳಗೆ, ತೋಡಿನ (ಹಳ್ಳದ) ಬದಿಯಲ್ಲಿ ಗಾಳಿಯಾಡದು, ಬಿಸಿಲು ತಡ, ಗೊನೆ ಆರುವುದೇ ಇಲ್ಲ. ಕೊಳೆರೋಗ ತರುವ, ಶಿಲೀಂಧ್ರವನ್ನು ಹೋಲುವ ಫೈಟಾಫ್ತೊರಾದ ಚರಕಣ (ಚಲಿಸುವ ಬೀಜಕಣ) ಈಜಿ ಕಾಯಿಗೆ ಹೊಗಬೇಕಾದರೆ ಮೇಲ್ಮೈ ಒದ್ದೆಯಿರಬೇಕು. ಹನಿ ಸಿಡಿದರೆ ಪಕ್ಕದ ಗೊನೆಗೂ ಹೋಗುತ್ತದೆ. ಗುಡ್ಡದ ಬದಿಯಲ್ಲಿ ಅದೇ ಮಳೆ ನಿಂತೊಡನೆ ಗೊನೆ ಆರುತ್ತದೆ. ಹಾಗಾಗಿ ಒಂದೊಂದು ಕಡೆ ನೂರು ಮರ ಎಣಿಸಿದರೂ ಸಿಗುವುದು ಒಂದೇ ಹೋಲಿಕೆ. ಇನ್ನೂರು ಎಣಿಸಿದರೂ ಅಷ್ಟೇ.

ತೋಡಿನಿಂದ ಗುಡ್ಡದವರೆಗೆ, ಇಳಿಜಾರಿಗೆ ಅಡ್ಡವಾಗಿ ಆರು ಪಟ್ಟಿ ಮಾಡಿ. ಪ್ರತಿ ಪಟ್ಟಿಯಲ್ಲಿ ಅಕ್ಕಪಕ್ಕ ಎರಡು ತುಂಡು, ತುಂಡಿಗೆ ನಾಲ್ಕು ಸಾಲು, ಸಾಲಿಗೆ ನಾಲ್ಕು ಮರ. ಯಾವ ತುಂಡಿಗೆ ಯಾವ ಮದ್ದು ಎಂಬುದನ್ನು ಪಟ್ಟಿಪಟ್ಟಿಗೂ ಚೀಟಿ ಎತ್ತಿ ನಿರ್ಧರಿಸಿ, ನಿಮ್ಮ ಮನಸ್ಸಿಗೆ ಬಂದಂತೆ ಬೇಡ. ಹದಿನಾರಕ್ಕೂ ಮದ್ದು ಬಿಡಿ, ನಡುವಿನ ನಾಲ್ಕನ್ನು ಮಾತ್ರ ಎಣಿಸಿ; ಅಂಚಿನ ಮರಗಳಿಗೆ ಪಕ್ಕದ ಮದ್ದೂ ಹಾರುತ್ತದೆ, ರೋಗವೂ ಹಾರುತ್ತದೆ. ಆರೂ ಪಟ್ಟಿಯಲ್ಲಿ ಒಂದೇ ಮದ್ದು ಗೆದ್ದರೆ, ಅಂದರೆ ಅದರ ತುಂಡಿನಲ್ಲೇ ಕೊಳೆ ಕಡಿಮೆಯಿದ್ದರೆ, ನಂಬಿ. ಎರಡೂ ಮದ್ದು ಸಮವಾಗಿದ್ದರೆ ಗೆಲುವು ನಾಣ್ಯ ಚಿಮ್ಮಿದಂತೆ; ಆರೂ ಸಲ ಒಂದೇ ಮುಖ ಬೀಳುವುದು 32ರಲ್ಲಿ 1 ಬಾರಿ. ನಾಲ್ಕು-ಎರಡು ಬಂದರೆ ಏನೂ ಹೇಳಲಾಗದು.

ಬೋರ್ಡೋ ಕೆಟ್ಟಿದ್ದರೆ ಇಷ್ಟೆಲ್ಲ ವ್ಯರ್ಥ. 1 ಕೆ.ಜಿ. ಮೈಲುತುತ್ತು (ತಾಮ್ರದ ಸಲ್ಫೇಟ್) 50 ಲೀಟರ್ ನೀರಿಗೆ, 1 ಕೆ.ಜಿ. ಸುಟ್ಟ ಸುಣ್ಣ ಇನ್ನೊಂದು 50 ಲೀಟರಿಗೆ, ಎರಡೂ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ. ತುತ್ತಿನ ನೀರನ್ನು ಸುಣ್ಣದ ನೀರಿಗೆ ಕಲಕುತ್ತಾ ಹೊಯ್ಯಿರಿ, ತಿರುಗಾಮುರುಗಾ ಬೇಡ. ಉಜ್ಜಿದ ಕಬ್ಬಿಣದ ಚೂರಿಯನ್ನು ಒಂದು ನಿಮಿಷ ಅದ್ದಿ ತೆಗೆಯಿರಿ. ಅಲಗಿನ ಮೇಲೆ ಕೆಂಪು ಪೊರೆ ಕೂತಿದ್ದರೆ ತಾಮ್ರ ಬಿಡಿಯಾಗಿ ಉಳಿದಿದೆ, ಎಳೆಕಾಯಿ ಸುಡುತ್ತದೆ. ಅಲಗು ಬಿಳಿಯಾಗಿಯೇ ಉಳಿಯುವವರೆಗೆ ಸುಣ್ಣದ ನೀರು ಸೇರಿಸಿ. ಮಾಡಿದ ದಿನವೇ ಮುಗಿಸಿ. ಮೊದಲ ಸುತ್ತು ಮಳೆಗಾಲ ಹಿಡಿಯುವ ಮುಂಚೆ, ಎರಡನೆಯದು 40-45 ದಿನಕ್ಕೆ.

ಮದ್ದು ಬಿಡುವ ಮೊದಲೇ ಗೊನೆ ಎಣಿಸಿ ಬರೆದಿಡಿ. ಆಮೇಲೆ ವಾರವಾರ ಬುಡದ ಕಾಯಿ ಹೆಕ್ಕಿ. ತೊಟ್ಟಿನ ಬಳಿ ನೀರು ನೆನೆದಂಥ ಕಡುಹಸಿರು ಕಲೆ, ಮೇಲೆ ಬಿಳಿ ಬೂಷ್ಟು ಇದ್ದರೆ ಮಾತ್ರ ಕೊಳೆಯ ಲೆಕ್ಕಕ್ಕೆ. ಉಳಿದದ್ದು ಬೇರೆ ಬುಟ್ಟಿಗೆ. ಕೊಳೆತದ್ದನ್ನು ತೋಟದಿಂದ ಹೊರಗೆ ಸುಡಿ.

ಒಂದೇ ಮಳೆಗಾಲ ನೋಡಿ ಮದ್ದು ಬದಲಿಸಬೇಡಿ. ರೋಗವೇ ಕಡಿಮೆಯಿದ್ದ ವರ್ಷ ಎರಡೂ ಮದ್ದು ಒಳ್ಳೆಯದಾಗಿಯೇ ಕಾಣುತ್ತದೆ.